ಫೌಂಡ್ರಿ ಸೇರುವವರು ಮೊದಲು ಮರಳು ಕಲಿಯಲಿ

ಐಟಿಐ ಮುಗಿಸಿ ಬೆಳಗಾವಿಯ ಕೈಗಾರಿಕಾ ಪ್ರದೇಶಗಳಾದ ಉದ್ಯಮಬಾಗ, ಮಚ್ಛೆ ಕಡೆ ಕೆಲಸ ಹುಡುಕಿ ಬರುವ ಹುಡುಗರಲ್ಲಿ ಹೆಚ್ಚಿನವರ ಕಣ್ಣು ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷೀನಿನ ಮೇಲೆ. ಮೈಗೆ ಮಸಿ ಹತ್ತುವುದಿಲ್ಲ, ಆಸೆ ಸಹಜ. ಆದರೆ ಜಾಬ್ (ಕೊರೆಯಬೇಕಾದ ಬಿಡಿಭಾಗ) ಕೂರಿಸಿ ಗುಂಡಿ ಒತ್ತುವುದಷ್ಟೇ ಕೆಲಸವಾದರೆ ವರ್ಷಗಳು ಕಳೆದರೂ ಕೈಗೆ ಹೊಸದೇನೂ ಹತ್ತುವುದಿಲ್ಲ. ಎರಕ ಯಾಕೆ ಕೆಟ್ಟಿತು ಎಂದು ಹೇಳಬಲ್ಲ ಕೆಲಸಗಾರನನ್ನು ಫೌಂಡ್ರಿ, ಅಂದರೆ ಲೋಹ ಕರಗಿಸಿ ಅಚ್ಚಿಗೆ ಸುರಿಯುವ ಎರಕದ ಕಾರ್ಖಾನೆ, ಸುಲಭವಾಗಿ ಬಿಟ್ಟುಕೊಡದು. ಅದನ್ನು ಕಲಿಯಲು ಮರಳು, ಕುಲುಮೆಗಳ ಹತ್ತಿರವೇ ನಿಲ್ಲಬೇಕು.

ಹಸಿ ಮರಳಿನ ಅಚ್ಚಿಗೆ ಬೇಕಾದದ್ದು ಸಿಲಿಕಾ ಮರಳು, ಅದನ್ನು ಹಿಡಿದಿಡುವ ಬೆಂಟೋನೈಟ್ ಜೇಡಿ, ಕಲ್ಲಿದ್ದಲ ಪುಡಿ, ನೀರು. ತೇವಾಂಶ ಸಾಮಾನ್ಯವಾಗಿ ಶೇ 3ರಿಂದ 4. ಹೆಚ್ಚಾದರೆ ಕಾದ ಲೋಹ ತಾಗಿದೊಡನೆ ನೀರು ಆವಿಯಾಗಿ, ಹೊರಬೀಳಲು ದಾರಿ ಸಿಗದೆ ಎರಕದಲ್ಲಿ ಬ್ಲೋಹೋಲ್ (ಗಾಳಿಯ ತೂತು) ಬೀಳುತ್ತದೆ. ಕಡಿಮೆಯಾದರೆ ಅಚ್ಚಿನ ಅಂಚು ಉದುರಿ ಲೋಹದೊಳಗೆ ಮರಳು ಸೇರುತ್ತದೆ. ಹೊಸಬರು ಎಡವುವುದು ಬಿಸಿ ಮರಳಿನಲ್ಲಿ. ಶೇಕ್‌ಔಟ್‌ನಿಂದ (ಅಚ್ಚು ಒಡೆದು ಎರಕ ಬಿಡಿಸುವ ಜಾಗ) ವಾಪಸ್ ಬಂದ ಮರಳು ತಣಿಯದೆ ಮಿಕ್ಸರ್ ಸೇರಿದರೆ ಅಲ್ಲಿ ತೇವಾಂಶ ಸರಿಯಾಗಿಯೇ ಕಾಣುತ್ತದೆ; ಅಚ್ಚಿನ ಪೆಟ್ಟಿಗೆ ತಲುಪುವಷ್ಟರಲ್ಲಿ ಆರಿರುತ್ತದೆ. ಬೇಸಿಗೆಯ ಮಧ್ಯಾಹ್ನದ ಶಿಫ್ಟಿನಲ್ಲಿ ಇದರ ಕಾಟ ಇನ್ನೂ ಹೆಚ್ಚು. ಆದ್ದರಿಂದ ಸ್ಯಾಂಪಲ್ ಎರಡೂ ಕಡೆ ತೆಗೆಯಬೇಕು. ಮುಷ್ಟಿಯಲ್ಲಿ ಒತ್ತಿ ಮುರಿದು ನೋಡುವ ಹಳೆಯ ಪದ್ಧತಿಯನ್ನೂ ಬಿಡಬೇಡಿ: ಮುರಿದ ಅಂಚು ಚೂಪಾಗಿ ನಿಲ್ಲಬೇಕು, ಅಂಗೈಗೆ ಮರಳು ಅಂಟಬಾರದು.

ಕುಲುಮೆಯಲ್ಲಿ ಬೂದು ಬೀಡು (ಗ್ರೇ ಐರನ್) ಸುಮಾರು 1450ರಿಂದ 1500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊರಬರುತ್ತದೆ. ಉಕ್ಕಿನ ಎರಕಕ್ಕೆ 1600ರ ಆಸುಪಾಸು ಬೇಕು. ಒದ್ದೆ ಸ್ಕ್ರ್ಯಾಪ್, ಎರಡೂ ತುದಿ ಮುಚ್ಚಿದ ಪೈಪು ಕುಲುಮೆಗೆ ಬೀಳಲೇಬಾರದು. ಒಳಗಿನ ನೀರು ಕ್ಷಣದಲ್ಲಿ ಆವಿಯಾಗಿ ಸಾವಿರಕ್ಕೂ ಹೆಚ್ಚು ಪಟ್ಟು ಹಿಗ್ಗಿ, ಕರಗಿದ ಲೋಹವನ್ನೇ ಮೇಲಕ್ಕೆ ಎಸೆಯುತ್ತದೆ. ಮಳೆಗಾಲದಲ್ಲಿ ಅಂಗಳದ ಸ್ಕ್ರ್ಯಾಪ್ ಒಣಗಿಸದೆ ಹಾಕು ಎಂದು ಯಾರೇ ಹೇಳಲಿ, ಹಾಕಬೇಡಿ. ಕರಗಿದ ಲೋಹ ಒಯ್ಯುವ ಲೇಡಲ್ ಕೂಡ ಚೆನ್ನಾಗಿ ಕಾದಿರಬೇಕು. ಎಸ್‌ಜಿ ಐರನ್‌ಗೆ (ಗ್ರಾಫೈಟ್ ದುಂಡಗಿರುವ ಗಟ್ಟಿ ಬೀಡು) ಮೆಗ್ನೀಸಿಯಂ ಕೊಟ್ಟ ಮೇಲೆ ಸುಮಾರು ಹತ್ತು ನಿಮಿಷದೊಳಗೆ ಸುರಿದು ಮುಗಿಸಬೇಕು. ತಡವಾದರೆ ಗ್ರಾಫೈಟ್ ದುಂಡಗಾಗದು. ಮೇಲ್ನೋಟಕ್ಕೆ ಚೆಂದವಿದ್ದ ಬಿಡಿಭಾಗ ಭಾರ ಬಿದ್ದಾಗ ಮುರಿಯುತ್ತದೆ.

ರಿಜೆಕ್ಟ್ ಆದ ಪ್ರತಿ ಎರಕಕ್ಕೂ ದೋಷ ಎಲ್ಲಿದೆ, ಆ ಹೊತ್ತಿನ ತೇವಾಂಶ ಎಷ್ಟು, ಸುರಿದ ತಾಪಮಾನ ಎಷ್ಟು ಎಂದು ಪುಸ್ತಕದಲ್ಲಿ ಬರೆದಿಡಿ. ಒಂದೇ ಜಾಗದಲ್ಲಿ ದೋಷ ಮರುಕಳಿಸಿದರೆ ಗೇಟಿಂಗ್ (ಲೋಹ ಹರಿಯುವ ದಾರಿ), ರೈಸರ್ (ಎರಕ ಕುಗ್ಗುವಾಗ ಲೋಹ ತುಂಬುವ ಭಾಗ), ಗಾಳಿರಂಧ್ರ ನೋಡಬೇಕು. ಎಲ್ಲೆಂದರಲ್ಲಿ ಬಿದ್ದರೆ ಮರಳು, ಲೋಹದ ಮೇಲೆ ಅನುಮಾನ.

ದೂಳಿನ ವಿಷಯದಲ್ಲಿ ಸಲಿಗೆ ಬೇಡ. ಶೇಕ್‌ಔಟ್, ಫೆಟ್ಲಿಂಗ್‌ನಲ್ಲಿ (ಎರಕದ ಹೆಚ್ಚುವರಿ ಲೋಹ ತೆಗೆದು ಉಜ್ಜುವ ಕೆಲಸ) ಏಳುವ ಸಿಲಿಕಾ ದೂಳು ಶ್ವಾಸಕೋಶಕ್ಕೆ ಸಿಲಿಕೋಸಿಸ್ ತರುತ್ತದೆ, ಅದು ವಾಸಿಯಾಗುವ ರೋಗವಲ್ಲ. ಮುಖಕ್ಕೆ ಸುತ್ತಿದ ಟವೆಲ್ ಅದನ್ನು ತಡೆಯದು. ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ದರ್ಜೆಯ ಮಾಸ್ಕ್ ಕೇಳಿ ಪಡೆಯಿರಿ.

ಕಾಗದಪತ್ರದಲ್ಲಿ ಒಂದು ಎಚ್ಚರ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಸೇರುವುದಾದರೆ ಕರಾರು ಸರಕಾರದ ಪೋರ್ಟಲ್‌ನಲ್ಲಿ ದಾಖಲಾಗಿದೆಯೇ ಎಂದು ಮೊದಲ ತಿಂಗಳಲ್ಲೇ ನೋಡಿಕೊಳ್ಳಿ. ದಾಖಲಾಗದೆ ದುಡಿದ ತಿಂಗಳು ಬರೀ ಹೆಲ್ಪರ್ ಕೆಲಸವಾಗಿ ಉಳಿಯುತ್ತದೆ, ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರದ ಲೆಕ್ಕಕ್ಕೆ ಬರುವುದಿಲ್ಲ.