ಹೊಗೆ ಹಿಡಿಯುವ ಮೊದಲು ಇಂಗಾಲದ ಮೂಲ ನೋಡಿ

‘ನಮ್ಮ ಕಲ್ಲಿದ್ದಲು ಬಾಯ್ಲರಿಗೂ ಅದೇ ಯಂತ್ರ ಕೂರಿಸಿದರೆ ನಾವೂ ಮೈನಸ್ ಅಲ್ಲವೇ?’ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಮರದ ಉಳಿಕೆ ಸುಟ್ಟ ಹೊಗೆಯಿಂದ ಇಂಗಾಲಾಮ್ಲವನ್ನು (ಇಂಗಾಲದ ಡೈಆಕ್ಸೈಡ್) ಹಿಡಿದು ನೆಲದಡಿ ಹೂಳುವ ಯೋಜನೆಯ ಸುದ್ದಿ ಓದಿದ ಕಾರ್ಖಾನೆಯವರು ಕೇಳುವುದು ಇದನ್ನೇ: ಗಾಳಿಗೆ ಬಿಡುವುದಕ್ಕಿಂತ ಹೆಚ್ಚು ಇಂಗಾಲವನ್ನು ಅದರಿಂದ ತೆಗೆದಂತೆ ಅಲ್ಲವೇ, ಎಂದು. ಅಲ್ಲ. ಎಷ್ಟು ಸಲ ಹೇಳಿದರೂ ಮತ್ತೆ ಇಲ್ಲಿಗೇ ಬರುತ್ತಾರೆ.

ಬಾವಿಯಿಂದ ಸೇದಿದ ನೀರನ್ನು ಅದೇ ಬಾವಿಗೆ ಸುರಿದರೆ ಮಟ್ಟ ಏರುವುದಿಲ್ಲ. ಮಳೆನೀರು ಇಳಿಸಿದರೆ ಏರುತ್ತದೆ. ಕಲ್ಲಿದ್ದಲಿನ ಇಂಗಾಲ ನೆಲದಡಿಯದು. ಸುಟ್ಟು, ಹಿಡಿದು, ಮತ್ತೆ ನೆಲಕ್ಕೆ ಇಳಿಸಿದರೆ ಹೆಚ್ಚೆಂದರೆ ಸೊನ್ನೆ. ಹೊಗೆ ಹಾಗೇ ಬಿಡುವುದಕ್ಕಿಂತ ಅದು ಎಷ್ಟೋ ಮೇಲು, ಆದರೆ ಮೈನಸ್ ಅಲ್ಲ. ಮರದ ಇಂಗಾಲ ಗಾಳಿಯಿಂದ ಬಂದದ್ದು. ಅದನ್ನು ಹೂತರೆ ಮಾತ್ರ ಗಾಳಿಯಲ್ಲಿ ಕಡಿಮೆಯಾಗುತ್ತದೆ. ಕೊಳವೆ, ಟ್ಯಾಂಕು, ದ್ರಾವಣ ಎಲ್ಲ ಒಂದೇ ಇರಬಹುದು, ಲೆಕ್ಕ ಬೇರೆ. ನಗರದ ಕಸ ಸುಡುವಲ್ಲಿ ಹಸಿಕಸದ ಪಾಲು ಮೈನಸ್, ಪ್ಲಾಸ್ಟಿಕ್ಕಿನ ಪಾಲು ಅಲ್ಲ. ಸಾಗಣೆಯ ಡೀಸೆಲ್ಲನ್ನೂ ಕಳೆಯಬೇಕು. ಇಡೀ ಕಾಡು ಕಡಿದು ತಂದರಂತೂ ಅದು ಮತ್ತೆ ಬೆಳೆಯುವ ದಶಕಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆ ನಗರಕ್ಕೆ ಬಿಸಿ ಒದಗಿಸುವ ಕಂಪನಿ ಸ್ಟಾಕ್‌ಹೋಮ್ ಎಕ್ಸರ್ಗಿ ತನ್ನ ವಾರ್ಟನ್ ಸ್ಥಾವರದಲ್ಲಿ ಸುಡುವುದು ಹೆಚ್ಚಾಗಿ ಮರದ ಕೊಂಬೆ, ತುದಿ, ಸಾಮಿಲ್ ಉಳಿಕೆ. 2025ರ ಮಾರ್ಚ್‌ನಲ್ಲಿ ಹೂಡಿಕೆ ನಿರ್ಧಾರವಾಯಿತು. ಗುರಿ ವರ್ಷಕ್ಕೆ 8 ಲಕ್ಷ ಟನ್ ಇಂಗಾಲಾಮ್ಲ ಹಿಡಿಯುವುದು. ಹೊಗೆಯ ಇಂಗಾಲಾಮ್ಲವನ್ನು ಹೀರುವುದು ಪೊಟ್ಯಾಸಿಯಂ ಕಾರ್ಬೊನೇಟ್ ದ್ರಾವಣ. ಇದಕ್ಕೆಲ್ಲ ಸಾಕಷ್ಟು ಶಕ್ತಿ ಬೇಕು. ನಗರದ ನಡುವೆಯೇ ಕಟ್ಟುವ ಲಾಭ ತಿಳಿಯುವುದು ಇಲ್ಲಿ: ಆ ಶಕ್ತಿಯ ದೊಡ್ಡ ಪಾಲು ಬಿಸಿಯಾಗಿ ಮರಳಿ ಸಿಕ್ಕು, ಕೊಳವೆಗಳಲ್ಲಿ ಊರಿನ ಮನೆಗಳನ್ನು ಬೆಚ್ಚಗಿಡುತ್ತದೆ. ಬೆಂಗಳೂರಿನಲ್ಲಿ ಆ ಬಿಸಿಯನ್ನು ಕೊಳ್ಳುವವರು ಯಾರು?

ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆಯ ಎಂಜಿನಿಯರೊಬ್ಬರು ಈ ಪ್ರಶ್ನೆಗೆ ಥಟ್ಟನೆ ‘ನಮಗೆ ರಸ ಕುದಿಸಲು ಬೇಕಲ್ಲ!’ ಎಂದರು. ಇಂಥವರನ್ನು ಕಂಡರೆ ನನಗೆ ಪ್ರೀತಿ. ಕಬ್ಬಿನ ಸಿಪ್ಪೆಯ ಹೊಗೆ ನಿಜಕ್ಕೂ ಒಳ್ಳೆಯ ಮೂಲ. ನುರಿಸುವ ಹಂಗಾಮು ಮುಗಿದ ಮೇಲೆ ದುಬಾರಿ ಯಂತ್ರ ಖಾಲಿ ಕೂರುತ್ತದೆ ಎಂಬ ತೊಡಕು ಇದ್ದೇ ಇದೆ.

ಹೂಳುವುದೆಲ್ಲಿ? ಸ್ವೀಡನ್ನಿನವರು ದ್ರವವಾಗಿಸಿ ಹಡಗಿನಲ್ಲಿ ನಾರ್ವೆಗೆ ಕಳಿಸಲಿದ್ದಾರೆ, ಸಮುದ್ರತಳದಿಂದ ಸುಮಾರು 2,600 ಮೀಟರ್ ಕೆಳಗೆ ಇಳಿಸಲು. ಬೆಳಗಾವಿ, ವಿಜಯಪುರದ ಬಹುಭಾಗದ ಕೆಳಗಿರುವುದು ದಖ್ಖನ್ನಿನ ಕಪ್ಪು ಬಸಾಲ್ಟ್. ಐಸ್‌ಲ್ಯಾಂಡಿನ ಪ್ರಯೋಗದಲ್ಲಿ ನೀರಿನಲ್ಲಿ ಕರಗಿಸಿ ಬಸಾಲ್ಟಿಗೆ ಇಳಿಸಿದ ಅನಿಲದ ಬಹುಪಾಲು ಎರಡೇ ವರ್ಷದಲ್ಲಿ ಖನಿಜವಾಯಿತು. ಆದರೆ ಅಲ್ಲಿನ ಕಲ್ಲು ಎಳೆಯದು, ನಮ್ಮದು ಬಲು ಹಳೆಯದು. ಬಿರುಕುಗಳು ಎಷ್ಟು ತೆರೆದಿವೆ, ಅಷ್ಟು ನೀರು ಎಲ್ಲಿಂದ ಎಂಬುದನ್ನು ಪರೀಕ್ಷಾ ಕೊಳವೆಬಾವಿ ಕೊರೆದೇ ನೋಡಬೇಕು. ಅದಾಗುವ ತನಕ ಯಂತ್ರಕ್ಕೆ ಮುಂಗಡ ಕೊಡಬೇಡಿ.