ಶಾಲ್ಯಾಗ ಕೊಡೂ ಗುಳಿಗಿ ಅಂತ ಅರ್ಧಕ್ಕ ಬಿಡಬ್ಯಾಡ್ರಿ

ನಾಯಿ ಹೊಟ್ಟಿ ಜಂತುವಿನಿಂದ ಲಿವರ್‌ನ್ಯಾಗ ನೀರಿನ ಗುಳ್ಳಿ ಆಗ್ತೈತಿ, ಹೈಡಾಟಿಡ್ ಅಂತೀವಿ. ದುರ್ಬೀನ್ ಆಪರೇಷನ್ ಮಾಡಿ ತೆಗೀತೀವಿ, ತೂತು ಸಣ್ಣವು, ಪೇಶಂಟ್ ಲಗೂನ ಎದ್ದು ಅಡ್ಡಾಡ್ತಾನ. ತಕರಾರು ಶುರು ಆಗೂದು ಮನೀಗೆ ಹೋದಮ್ಯಾಲ.

ಚೀಟ್ಯಾಗ ಆಲ್ಬೆಂಡಜೋಲ್ 400 ಮಿ.ಗ್ರಾಂ ದಿನಕ್ಕ ಎರಡು ಸಲ ಅಂತ ಬರದಿರ್ತೀವಿ. ಸೊಸಿ ನೋಡಿ "ಅಯ್ಯ, ಇದು ನಮ್ಮ ಹುಡುಗ್ರಿಗೆ ಶಾಲ್ಯಾಗ ಕೊಡೂ ಜಂತಿನ ಗುಳಿಗಿ, ಒಂದ ಸಾಕು ಮಾಮಾ" ಅಂತಾಳ. ಮಾಮಾನೂ ಬಿಟ್ಟ ಬಿಡ್ತಾನ. ಗುಳಿಗಿ ಅದ ಖರೆ, ಆದ್ರ ಶಾಲ್ಯಾಗ ಕೊಡೂದು ಕರುಳಿನ ಜಂತಿಗೆ, ಒಂದು ಡೋಸ್‌ಗೆ ಕೆಲಸ ಆಗ್ತೈತಿ. ಇಲ್ಲಿ ಔಷಧ ರಕ್ತಕ್ಕ ಹೋಗಬೇಕು, ಅಲ್ಲಿಂದ ಹುಳದ ಮರಿ ಎಲ್ಲೆಲ್ಲಿ ಅದಾವೋ ಅಲ್ಲಿ ಮುಟ್ಟಬೇಕು, ಅದು ಒಂದಿನದ್ದಲ್ಲ.

"ಗಂಟು ತೆಗದೀರಲ್ರಿ, ಮತ್ಯಾಕ?" ಇದನ್ನ ಎಷ್ಟು ಸಲ ಹೇಳೀನೋ, ಇನ್ನೊಮ್ಮೆ ಹೇಳ್ತೀನಿ. ಆ ಗುಳ್ಳಿ ನೀರಿನ್ಯಾಗ ಕಣ್ಣಿಗೆ ಕಾಣದಷ್ಟು ಸಣ್ಣ ಹುಳದ ತಲಿ ಇರ್ತಾವ. ಸುತ್ತಲೂ ಉಪ್ಪುನೀರಿನ್ಯಾಗ ತೊಯ್ಸಿದ ಗಾಜ್ ಬಟ್ಟಿ ಇಟ್ಟು, ನೀರು ಎಳದು, ಒಳಗಿನ ಪದರ, ಎಳನೀರಿನ ಗಂಜಿ ಇದ್ದಂಗ ಬೆಳ್ಳಗ ಜಾರೂದು, ಚೀಲದಾಗ ಹಾಕೇ ಹೊರಗ ತೆಗೀತೀವಿ. ಆದ್ರೂ ಒಂದು ಹನಿ ಹೊಟ್ಯಾಗ ಸಿಡಿದ್ರ ಕ್ಯಾಮೆರಾಕ್ಕ ಕಾಣೂದಿಲ್ಲ, ವರ್ಷಗಟ್ಟಲೆ ಬಿಟ್ಟು ಅಲ್ಲೇ ಹೊಸ ಗುಳ್ಳಿ ಏಳಬಹುದು. ಆಪರೇಷನ್‌ಗೂ ಮೊದಲ ಗುಳಿಗಿ ಶುರು ಮಾಡೂದು, ಆಮ್ಯಾಲೂ ನಡಸೂದು ಇದಕ್ಕ. "ಸೂಜಿ ಹಾಕಿ ನೀರ ತೆಗದು ಕಳಸ್ರಿ, ಸಂಜೀ ಬಸ್ ಐತಿ" ಅನ್ನೋರಿಗೂ ಇದ ಉತ್ತರ. ಸೂಜಿ ಪದ್ಧತಿ ಇಲ್ಲಂತಲ್ಲ, ಕೆಲವು ಗುಳ್ಳಿಗೆ ನಡೀತೈತಿ, ಆದ್ರ ನೀರು ಸೋರಿ ಒಮ್ಮೆಲೆ ಬಿಪಿ ಬಿದ್ದು ಜೀವಕ್ಕ ಬರೂದೂ ಐತಿ.

ಹುನಗುಂದ ಕಡೀ ಕುರಿ ಕಾಯೂ ಯಜ್ಜಾ ಒಬ್ರು ಗುಳಿಗಿ ತಪ್ಪಿಸ್ಲಿಲ್ಲ, ಆದ್ರ ಪಥ್ಯ ಅಂತ ಬರೇ ಗಂಜಿ ಮ್ಯಾಲ ನುಂಗತಿದ್ರು. ಜಿಡ್ಡು ಇಲ್ಲಂದ್ರ ಈ ಔಷಧ ಮೈಗೆ ಹತ್ತೂದ ಕಡಿಮಿ. ರೊಟ್ಟಿ, ಶೇಂಗಾ ಚಟ್ನಿ, ಮ್ಯಾಲೊಂದಿಷ್ಟು ತುಪ್ಪ ಅಂದೆ, ಮುಖ ಅರಳಿಬಿಡ್ತು!

ಎಷ್ಟು ದಿನ ಅಂತ ನಿಮ್ಮ ಡಾಕ್ಟ್ರ ಹೇಳಬೇಕು. ನಡುವ ಲಿವರ್ ಮತ್ತ ಬಿಳಿ ರಕ್ತಕಣದ ಟೆಸ್ಟ್ ಆಗ್ಲೇಬೇಕು, ಬಸರಿದ್ರ ಮೊದಲ ಹೇಳ್ರಿ. ಗಟ್ಟಿಯಾಗಿ ಸುಣ್ಣಗಟ್ಟಿದ ಗುಳ್ಳಿಗೆ ಎಷ್ಟೋ ಸಲ ಏನೂ ಬ್ಯಾಡ, ಸ್ಕ್ಯಾನ್ ಮಾಡ್ಕೋತ ಇದ್ರಾತು.

ಹಾಂ, ಅಮೀನಗಡ ಸಂತಿಂದ ತಂದ ಕುರಿ ಕೊಯ್ದಾಗ ಲಿವರ್‌ನ್ಯಾಗ ಗುಳ್ಳಿ ಕಂಡ್ರ ನಾಯಿಗೆ ಒಗೀಬ್ಯಾಡ್ರಿ, ಅದನ್ನ ತಿಂದ ನಾಯಿ ಹೊಟ್ಯಾಗ ಮತ್ತ ಅದ ಜಂತು ಬೆಳೀತೈತಿ, ಆಳಕ್ಕ ಹುಗೀರಿ. ಪಶು ಡಾಕ್ಟ್ರನ್ನ ಕೇಳಿದ್ರ ನಾಯಿಗೂ ಪ್ರಾಜಿಕ್ವಾಂಟೆಲ್ ಅನ್ನೂ ಜಂತಿನ ಗುಳಿಗಿ ಬರದು ಕೊಡ್ತಾರ.