ಕಿರಿದಾದ ರಕ್ತನಾಳ, ಬಿಗಿದ ಕವಾಟ: ಎರಡನ್ನೂ ಡಯಾಸ್ಟೊಲ್‌ನಿಂದ ಅರ್ಥಮಾಡಿಕೊಳ್ಳುವುದು

ಹೃದಯದ ಸ್ನಾಯುವಿಗೇ ರಕ್ತ ಒಯ್ಯುವ ಕರೋನರಿ ನಾಳಗಳ ಕಾಯಿಲೆ ಒಂದು ಅಧ್ಯಾಯ, ಕವಾಟದ ಕಾಯಿಲೆ ಇನ್ನೊಂದು ಅಧ್ಯಾಯ. ಹೀಗೆ ಓದಿದ್ದರಿಂದಲೇ ಇವೆರಡಕ್ಕೂ ಸಂಬಂಧವಿಲ್ಲ ಎಂದು ಬಹಳ ದಿನ ಅಂದುಕೊಂಡಿದ್ದೆ. ಎರಡನ್ನೂ ಕಟ್ಟುವ ಎಳೆ ಡಯಾಸ್ಟೊಲ್, ಅಂದರೆ ಹೃದಯ ಸಡಿಲಗೊಳ್ಳುವ ಹೊತ್ತು. ಅದನ್ನು ಹಿಡಿದುಕೊಂಡರೆ ಬಾಯಿಪಾಠದ ಕಾಟ ಅರ್ಧ ತಪ್ಪುತ್ತದೆ.

ಮೊದಲು ಸಮಯದ ಲೆಕ್ಕ. ನಿಮಿಷಕ್ಕೆ 75 ಮಿಡಿತವಾದರೆ ಒಂದು ಸುತ್ತಿಗೆ 0.8 ಸೆಕೆಂಡ್, ಅದರಲ್ಲಿ ಸಂಕೋಚನಕ್ಕೆ ಸುಮಾರು 0.3, ಸಡಿಲಿಕೆಗೆ 0.5. ಮಿಡಿತ 150ಕ್ಕೇರಿದರೆ ಇಡೀ ಸುತ್ತೇ 0.4 ಸೆಕೆಂಡ್. ಸಂಕೋಚನ ಅಷ್ಟೇನೂ ಕುಗ್ಗುವುದಿಲ್ಲ, ಕತ್ತರಿ ಬೀಳುವುದು ಹೆಚ್ಚಾಗಿ ಡಯಾಸ್ಟೊಲ್‌ಗೆ.

ಈಗ ರಕ್ತನಾಳಕ್ಕೆ ಬರೋಣ. ಹೃದಯದೊಳಗೆ ಸದಾ ರಕ್ತ ತುಂಬಿರುವಾಗ ಅದಕ್ಕೆ ಪ್ರತ್ಯೇಕ ನಾಳಗಳೇಕೆ? ಒಳಮೈಯ ತೆಳು ಪದರ ಬಿಟ್ಟರೆ ಉಳಿದ ದಪ್ಪ ಸ್ನಾಯುವಿಗೆ ಆ ರಕ್ತ ದಕ್ಕುವುದಿಲ್ಲ. ಹೃದಯದಿಂದ ದೇಹಕ್ಕೆ ಹೊರಡುವ ದೊಡ್ಡ ನಾಳವಾದ ಮಹಾಪಧಮನಿಯ ಬುಡದಲ್ಲಿ ಹುಟ್ಟುವ ಕರೋನರಿಗಳೇ ಅದಕ್ಕೆ ಆಧಾರ. ತಮಾಷೆಯೆಂದರೆ, ದೇಹಕ್ಕೆಲ್ಲ ರಕ್ತ ತಳ್ಳುವ ಕೆಳಕೋಣೆಯಾದ ಎಡ ಹೃತ್ಕುಕ್ಷಿ ಸಂಕುಚಿಸುವಾಗ ತನ್ನೊಳಗಿನ ನಾಳಗಳನ್ನು ತಾನೇ ಹಿಂಡಿಬಿಡುತ್ತದೆ. ಹಾಗಾಗಿ ಅದಕ್ಕೆ ಬಹುಪಾಲು ರಕ್ತ ಸಿಗುವುದು ಡಯಾಸ್ಟೊಲ್‌ನಲ್ಲಿ. ಊರಿಗೆಲ್ಲ ಬಡಿಸಿದ ಮೇಲೆ ತನ್ನ ಊಟ.

ಸುಮ್ಮನೆ ಕೂತಿರುವಾಗಲೂ ಹೃದಯದ ಸ್ನಾಯು ತನಗೆ ಬಂದ ಆಮ್ಲಜನಕದಲ್ಲಿ ಶೇ. 70ರಷ್ಟನ್ನು ಹೀರಿಕೊಂಡಿರುತ್ತದೆ. ಇನ್ನೂ ಬೇಕಾದರೆ ಹರಿವೇ ಹೆಚ್ಚಬೇಕು. ಆರೋಗ್ಯವಂತರಲ್ಲಿ ಅದು ನಾಲ್ಕೈದು ಪಟ್ಟು ಹೆಚ್ಚಬಲ್ಲದು. ದೊಡ್ಡ ನಾಳ ಕಿರಿದಾದಾಗ ಮುಂದಿನ ಸಣ್ಣ ನಾಳಗಳು ಹಿಗ್ಗಿ ಕೊರತೆ ತುಂಬುತ್ತವೆ, ಅಂದರೆ ಈ ಮೀಸಲನ್ನು ಮೊದಲೇ ಖರ್ಚು ಮಾಡುತ್ತವೆ. ವ್ಯಾಸ ಸುಮಾರು ಶೇ. 70 ಕುಗ್ಗುವವರೆಗೆ ಸಾಮಾನ್ಯವಾಗಿ ತೊಂದರೆ ಗೊತ್ತಾಗುವುದಿಲ್ಲ. ಆಮೇಲೆ ಮೆಟ್ಟಿಲು ಹತ್ತುವಾಗ ಎದೆ ಹಿಂಡುತ್ತದೆ, ನಿಂತರೆ ಕಡಿಮೆಯಾಗುತ್ತದೆ. ಶೇ. 90 ದಾಟಿದರೆ ಕೂತಲ್ಲೂ ನೋವು ಬರಬಹುದು.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ನಾಳ ಶೇ. 50 ಕಿರಿದಾಗಿದೆ ಅಂದರೆ ವ್ಯಾಸದ್ದೋ, ವಿಸ್ತೀರ್ಣದ್ದೋ? ವ್ಯಾಸ ಅರ್ಧವಾದರೆ ವಿಸ್ತೀರ್ಣ ಕಾಲುಭಾಗಕ್ಕೆ ಇಳಿದಿರುತ್ತದೆ. ಇನ್ನೊಂದು ವಿಷಯ: ಹೃದಯಾಘಾತ ಯಾವಾಗಲೂ ಅತಿ ಕಿರಿದಾದ ಜಾಗದಲ್ಲೇ ಆಗುತ್ತದೆಂದಿಲ್ಲ. ಸಾಧಾರಣವಾಗಿ ಕಾಣುವ ಕೊಬ್ಬಿನ ಗಡ್ಡೆ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೂ ನಾಳ ದಿಢೀರನೆ ಮುಚ್ಚಿಹೋಗುತ್ತದೆ.

ರಕ್ತ ಕಡಿಮೆಯಾದಾಗ ಸ್ನಾಯು ಮೊದಲು ಕಳೆದುಕೊಳ್ಳುವುದು ಸಡಿಲಗೊಳ್ಳುವ ಶಕ್ತಿ. ನಂತರ ಸಂಕೋಚನ ಕುಂದುತ್ತದೆ, ಆಮೇಲೆ ಇಸಿಜಿ ಬದಲಾಗುತ್ತದೆ. ನೋವು ಕೊನೆಗೆ.

ಇನ್ನು ಕವಾಟಕ್ಕೆ. ಅಯೋರ್ಟಿಕ್ ಸ್ಟೆನೋಸಿಸ್‌ಗೆ, ಅಂದರೆ ಎಡ ಹೃತ್ಕುಕ್ಷಿಯಿಂದ ಮಹಾಪಧಮನಿಗೆ ತೆರೆಯುವ ಕವಾಟ ಬಿಗಿಯುವ ಕಾಯಿಲೆಗೆ ಬಂದರೆ, ತೆರೆದಾಗ 3–4 ಚದರ ಸೆಂ.ಮೀ. ಇರಬೇಕಾದ ಕವಾಟದ ಬಾಯಿ 1ಕ್ಕೆ ಇಳಿಯಿತೆಂದರೆ ಅದು ತೀವ್ರ ಹಂತ. ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಕವಾಟ ದಾಟುವ ರಕ್ತದ ವೇಗ ಸೆಕೆಂಡಿಗೆ 4 ಮೀಟರ್ ಎಂದು ಬಂತೆನ್ನಿ. ವೇಗದ ವರ್ಗವನ್ನು 4ರಿಂದ ಗುಣಿಸಿದರೆ ಕವಾಟದ ಎರಡೂ ಬದಿಯ ಒತ್ತಡದ ವ್ಯತ್ಯಾಸ ಸಿಗುತ್ತದೆ: 64 ಮಿ.ಮೀ. ಪಾದರಸ. ಆ ಕ್ಷಣ ಮಹಾಪಧಮನಿಯಲ್ಲಿ 110 ಇದ್ದರೆ ಹೃತ್ಕುಕ್ಷಿಯೊಳಗೆ 174. ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡಿದವರಿಗೆ ಈ ಹೆಣಗಾಟ ಕಾಣಿಸುವುದೇ ಇಲ್ಲ.

ಹೃತ್ಕುಕ್ಷಿಯ ಗೋಡೆ ದಪ್ಪವಾಗುತ್ತದೆ, ಜೊತೆಗೇ ಬಿರುಸಾಗುತ್ತದೆ. ಬಿರುಸಾದ ಕೋಣೆ ತುಂಬಿಕೊಳ್ಳಲು ಹೆಚ್ಚು ಒತ್ತಡ ಬೇಕು. ಕರೋನರಿಗೆ ರಕ್ತ ತಳ್ಳುವ ಒತ್ತಡವೆಂದರೆ, ಸ್ಥೂಲವಾಗಿ, ಮಹಾಪಧಮನಿಯ ಡಯಾಸ್ಟೊಲಿಕ್ ಒತ್ತಡದಿಂದ ಹೃತ್ಕುಕ್ಷಿಯ ಡಯಾಸ್ಟೊಲಿಕ್ ಒತ್ತಡ ಕಳೆದದ್ದು. ಸಾಮಾನ್ಯವಾಗಿ 80ರಲ್ಲಿ 10 ಕಳೆದು 70 ಉಳಿದರೆ, ಇಲ್ಲಿ 65ರಲ್ಲಿ 25 ಕಳೆದು 40. ಸ್ನಾಯು ಹೆಚ್ಚಿದೆ, ಸಿಗುವ ರಕ್ತ ಕಡಿಮೆ. ಕರೋನರಿಗಳು ಸ್ವಚ್ಛವಿದ್ದರೂ ಈ ರೋಗಿಗೆ ಆಂಜೈನಾ, ಅಂದರೆ ಎದೆ ಹಿಂಡುವ ನೋವು ಏಕೆ ಎಂಬ ಪ್ರಶ್ನೆಗೆ ಉತ್ತರ ಇದೇ. ಉಸಿರಾಟದ ತೊಂದರೆ, ಶ್ರಮ ಪಟ್ಟಾಗ ತಲೆಸುತ್ತಿ ಬೀಳುವುದು ಉಳಿದೆರಡು ಮುಖ್ಯ ಲಕ್ಷಣಗಳು.

ಮೈಟ್ರಲ್ ಸ್ಟೆನೋಸಿಸ್‌ನಲ್ಲಿ ಕಥೆಯೇ ಬೇರೆ. ಇಲ್ಲಿ ಬಿಗಿಯುವುದು ಎಡ ಹೃತ್ಕರ್ಣ (ಮೇಲಿನ ಕೋಣೆ) ಮತ್ತು ಎಡ ಹೃತ್ಕುಕ್ಷಿಯ ನಡುವಿನ ಕವಾಟ. ಹೆಚ್ಚಾಗಿ ರುಮಾಟಿಕ್ ಜ್ವರದ ಕೊಡುಗೆಯಾದ ಇದರಲ್ಲಿ 4–6 ಚದರ ಸೆಂ.ಮೀ. ಬಾಯಿ 1.5ಕ್ಕೋ ಅದಕ್ಕಿಂತ ಕಡಿಮೆಗೋ ಬರುತ್ತದೆ. ಎಡ ಹೃತ್ಕುಕ್ಷಿಯ ತಪ್ಪೇನಿಲ್ಲ, ಅದಕ್ಕೆ ಬರಬೇಕಾದ ರಕ್ತ ಹಿಂದೆಯೇ ತಡೆದು ನಿಂತಿದೆ. ಎಡ ಹೃತ್ಕರ್ಣ ಊದಿಕೊಳ್ಳುತ್ತದೆ, ಒತ್ತಡ ಶ್ವಾಸಕೋಶಕ್ಕೆ ಹಿಮ್ಮೆಟ್ಟುತ್ತದೆ. ಜ್ವರ, ಗರ್ಭಧಾರಣೆ, ಏಟ್ರಿಯಲ್ ಫಿಬ್ರಿಲೇಶನ್ (ಹೃತ್ಕರ್ಣದ ಅಡ್ಡಾದಿಡ್ಡಿ ಮಿಡಿತ), ಯಾವುದರಿಂದ ಮಿಡಿತ ಏರಿದರೂ ಡಯಾಸ್ಟೊಲ್ ಕುಗ್ಗಿ, ಆ ಸಣ್ಣ ಬಾಯಿಯಿಂದ ರಕ್ತ ಇಳಿಯಲು ಸಮಯವೇ ಸಾಲದು. ಅದುವರೆಗೆ ಓಡಾಡಿಕೊಂಡಿದ್ದವರಿಗೆ ಒಂದೇ ರಾತ್ರಿಯಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಬಹುದು.

ಮಿಡಿತ ಇಳಿಸುವ ಬೀಟಾ ಬ್ಲಾಕರ್ ಕರೋನರಿ ರೋಗಿಗೂ ಮೈಟ್ರಲ್ ಸ್ಟೆನೋಸಿಸ್ ರೋಗಿಗೂ ಆಗಿಬರುವುದು ಏಕೆಂದು ಈಗ ಹೇಳಬೇಕಿಲ್ಲ. ಆದರೆ ಅಯೋರ್ಟಿಕ್ ಕವಾಟ ಜೋರಾಗಿ ಸೋರುವವರಲ್ಲಿ ಇದೇ ತರ್ಕ ತಿರುಗುಮುರುಗಾಗುತ್ತದೆ: ಅಲ್ಲಿ ರಕ್ತ ಹಿಂದಕ್ಕೆ ಸೋರುವುದೇ ಡಯಾಸ್ಟೊಲ್‌ನಲ್ಲಿ, ಮಿಡಿತ ನಿಧಾನಿಸಿದಷ್ಟೂ ಸೋರಿಕೆಗೆ ಹೆಚ್ಚು ಹೊತ್ತು.